ನಾಲ್ಕು ಬೆರಳು ಹಿಂದೆ

ದೇವನಹಳ್ಳಿ
6 ಜನವರಿ 2025

ಬೈರೇಶಣ್ಣನವರಿಗೆ ಪ್ರಮೋದಾ ಮಾಡುವ ನಮಸ್ಕಾರ.

ಕವರಿನ ಮೇಲೆ ನಮ್ಮ ಸ್ಟುಡಿಯೋ ಹೆಸರು ಕಂಡರೆ ಒಡೆಯದೆ ಹರಿದು ಹಾಕ್ತೀರೇನೋ ಅಂತ ಹೆಸರು ಬರೆದಿಲ್ಲ. ಒಡೆದು ಓದ್ತಿದ್ದೀರಿ ಅಂದರೆ ಇನ್ನೊಂದು ಪುಟ ತಾಳ್ಮೆ ಇಟ್ಟುಕೊಳ್ಳಿ.

ದೀಪಾವಳಿ ಕಳೆದ ಮೂರನೇ ದಿನ ಇವರಿಗೆ ಲಕ್ವ ಹೊಡೆಯಿತು. ಬೆಳಗ್ಗೆ ಸ್ಟುಡಿಯೋದ ಷಟರ್ ಎತ್ತುತ್ತಿದ್ದವರು ಅಲ್ಲೇ ಕುಸಿದರು. ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಮಾತೂ ಹೋಯಿತು. ಒಂದೇ ಒಂದು ಪದ ಉಳಿದಿದೆ, "ಆಯ್ತು". ನೀರು ಬೇಕಾದರೂ ಆಯ್ತು, ಬೇಡವಾದರೂ ಆಯ್ತು, ಸಿಟ್ಟು ಬಂದರೂ ಆಯ್ತು. ನಾವು ಆಡೋದೆಲ್ಲ ಅವರಿಗೆ ತಿಳಿಯುತ್ತೆ, ತಿರುಗಿ ಹೇಳೋ ದಾರಿ ಮಾತ್ರ ಮುಚ್ಚಿದೆ ಅಂತಾರೆ ಡಾಕ್ಟರು.

ಅದಕ್ಕೇ ಫೋನ್ ಮಾಡದೆ ಬರೀತಿದ್ದೀನಿ. ನಿಮ್ಮ ಹೊಸ ನಂಬರ್ ನನ್ನ ಹತ್ತಿರ ಇಲ್ಲ ಅನ್ನೋದು ಒಂದು. ಇದ್ದಿದ್ದರೂ, ಸ್ಟುಡಿಯೋ ಹಿಂದಿನ ಈ ಒಂದು ಕೋಣೆಯಲ್ಲಿ ನಾನು ಏನು ಮಾತಾಡಿದರೂ ಇವರ ಕಿವಿಗೆ ಬೀಳುತ್ತೆ. ವಿಳಾಸ ಕೊಟ್ಟವರು ಪಕ್ಕದ ಜೆರಾಕ್ಸ್ ಅಂಗಡಿಯ ಅಪ್ಪಯ್ಯಣ್ಣ. ನೀವು ಉತ್ತರ ಬರೆದರೆ ಅವರ ಅಂಗಡಿಗೇ ಹಾಕಿ.

ವಿಷಯ ಇಷ್ಟು. ನಲ್ಲೂರಿನ ವೆಂಕಟರಮಣಪ್ಪನವರ ಮಗಳ ಮದುವೆ ಫೆಬ್ರವರಿ 16ಕ್ಕೆ. ಇವರು ಹುಷಾರಾಗಿದ್ದಾಗ ಒಪ್ಪಿಕೊಂಡಿದ್ದು. ಬೇರೆಯವರನ್ನ ಕರೆಸಿ ಅಂದೆ. "ಕೆಂಪರಾಜ್ ಕೈಯಲ್ಲಾಗದಿದ್ರೆ ಏನಂತೆ, ನೀನೇ ಬಾಮ್ಮ, ಅದೇ ಸ್ಟುಡಿಯೋ ತಾನೆ" ಅಂದುಬಿಟ್ಟರು. ಪಾಸ್‌ಪೋರ್ಟ್ ಫೋಟೋ, ನಾಮಕರಣ ಇಷ್ಟರಲ್ಲೇ ಇದ್ದವಳು ನಾನು. ಇವರು ಹೋದ ವರ್ಷ ಒಳಗೆ ಕನ್ನಡಿ ಇಲ್ಲದ, ಮಿರರ್‌ಲೆಸ್ ಅಂತಾರಲ್ಲ, ಆ ಹೊಸ ಕ್ಯಾಮೆರಾ ತಗೊಂಡರು. ಲೆನ್ಸೆಲ್ಲ ಹಳೇವೇ. ನಡುವೆ ಒಂದು ದಪ್ಪ ಬಳೆಯಂಥ ಅಡಾಪ್ಟರ್ ಹಾಕಿ ಕೂರಿಸಿಕೊಳ್ಳುತ್ತಿದ್ದರು. ಯಾರ ಕೈಗೂ ಕೊಡುತ್ತಿರಲಿಲ್ಲ. ಈಗ ನಾನು ಇವರ ಇಷ್ಟದ ಎಂಬತ್ತೈದು ಎಂಎಂ ಲೆನ್ಸ್ ಹಾಕಿದರೆ ಫೋಕಸ್ಸೇ ಆಗಲ್ಲ. ಗುಂಡಿ ಒತ್ತಿದರೆ ಸುಮ್ಮನೆ ಇರುತ್ತೆ. ಕೆಟ್ಟಿದೆಯೋ, ನನಗೇ ಬರ್ತಿಲ್ಲವೋ? ಇವರನ್ನ ಕೇಳಿದರೆ "ಆಯ್ತು" ಅಂತಾರೆ, ಆಮೇಲೆ ಗೋಡೆ ಕಡೆ ತಿರುಗಿಕೊಳ್ತಾರೆ.

ಮೂರು ವರ್ಷದ ಹಿಂದೆ ಇಲ್ಲೇ ಪಕ್ಕದ ವಿಜಯಪುರದ ಮದುವೆಯಲ್ಲಿ ಫೋಟೋಗಳು ಮಸುಕಾಗಿ ಬಂದಾಗ, ಹೆಣ್ಣಿನ ಕಡೆಯವರೆಲ್ಲರ ಎದುರಿಗೆ ಇವರು "ಕುಡಿದು ಬಂದು ಕ್ಯಾಮೆರಾ ಹಿಡಿದವ್ನೆ" ಅಂತ ನಿಮ್ಮನ್ನ ಅಂದಿದ್ದು ನನಗೆ ನೆನಪಿದೆ. ಹದಿನೆಂಟು ವರ್ಷ ಜೊತೆಗಿದ್ದವರನ್ನ. ನಾನೂ ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಯಾವ ಮುಖ ಇಟ್ಟುಕೊಂಡು ಬರೆದಳು ಅಂತ ನೀವು ಕೇಳಬಹುದು, ಕೇಳಿ.

ಇಂತಿ,
ಪ್ರಮೋದಾ


ಸೋಂಪುರ
19 ಜನವರಿ 2025

ಪ್ರಮೋದಮ್ಮನವರೇ,

ಕಾಗದ ಬಂತು. ಓದಿ ಜೇಬಲ್ಲಿಟ್ಕೊಂಡು ಶಿಫ್ಟಿಗೆ ಹೋದೆ. ಇಲ್ಲಿ ಫ್ಯಾಕ್ಟರೀಲಿ ನನ್ನ ಕೆಲಸ ಲೈನಿನ ಕೊನೇಲಿ ನಿಂತು ಬಾಟಲಿ ಮುಚ್ಚಳದ ಅಂಚು ನೋಡೋದು. ಅವತ್ತು ಸೊಟ್ಟ ಮುಚ್ಚಳ ಎಷ್ಟು ಬಿಟ್ಟೆನೋ, ಸೂಪರ್‌ವೈಸರ್ ಬಂದು ಬೈದ.

ಕೆಂಪನಿಗೆ ಹೀಗಾಗಬಾರದಿತ್ತು. ಅದಕ್ಕಿಂತ ಜಾಸ್ತಿ ನನ್ನ ಪೆನ್ನಲ್ಲಿ ಬರ್ತಿಲ್ಲ. ನಾನು ಬರಲ್ಲ. ಆ ಷಟರ್ ಒಳಗೆ ಮತ್ತೆ ಕಾಲಿಡಲ್ಲ ಅಂತ ಹೇಳಿ ಬಂದವನು ನಾನು. ಕೇಳಿದ್ದಕ್ಕೆ ಮಾತ್ರ ಹೇಳ್ತೀನಿ.

ಎಂಬತ್ತೈದು ಕೆಟ್ಟಿಲ್ಲ. ಅದರೊಳಗೆ ಮೋಟರೇ ಇಲ್ಲ. ಹಳೇ ಕ್ಯಾಮೆರಾದೊಳಗಿನ ಮೋಟರ್ ಅದನ್ನ ತಿರುಗಿಸ್ತಿತ್ತು. ನಿಮ್ಮ ಹತ್ತಿರ ಇರೋ ಅಡಾಪ್ಟರಲ್ಲಿ ಆ ಮೋಟರಿಲ್ಲ, ಹಂಗಾಗಿ ಅದು ಸುಮ್ಮನೆ ಕೂತಿರುತ್ತೆ. ಕೈಯಲ್ಲೇ ತಿರುಗಿಸಬೇಕು. ಮದುವೇಲಿ ಅದು ನಿಮ್ಮಿಂದಾಗಲ್ಲ, ಎತ್ತಿಡಿ.

ಇಪ್ಪತ್ನಾಲ್ಕು-ಎಪ್ಪತ್ತು ಒಂದು, ಉದ್ದನೆಯ ಎಪ್ಪತ್ತು-ಇನ್ನೂರು ಒಂದು, ಈ ಎರಡರಲ್ಲೂ ಮೋಟರಿದೆ. ಅಡಾಪ್ಟರ್ ಹಾಕಿದರೂ ತಾವೇ ಫೋಕಸ್ ಹುಡುಕ್ತವೆ. ಲೆನ್ಸಿನ ಪಕ್ಕದ ಸ್ವಿಚ್ಚು 'ಎ' ಕಡೆ ಇದೆಯಾ ನೋಡ್ಕೊಳ್ಳಿ. ಕ್ಯಾಮೆರಾ ಮೆನುವಿನಲ್ಲಿ ಕಣ್ಣು ಹುಡುಕೋದು ಅಂತ ಒಂದಿರುತ್ತೆ, ಅದನ್ನ ಆನ್ ಮಾಡಿ. ಮನುಷ್ಯರ ಕಣ್ಣಿನ ಮೇಲೆ ಚೌಕ ಬಂದು ಕೂತ್ಕೊಂಡ್ರೆ ಅರ್ಧ ಕೆಲಸ ಆದಂಗೆ.

ನಂಬರ್ ಕೊಡಲ್ಲ. ಬೇಜಾರ್ ಮಾಡ್ಕೋಬೇಡಿ. ಗೇಟಲ್ಲೇ ಫೋನ್ ಇಸ್ಕೊಳ್ತಾರೆ, ಮನೆಗೆ ಬಂದಮೇಲೆ ಯಾರ ದನೀನೂ ಬೇಡ ಅನ್ಸುತ್ತೆ. ಬರೀರಿ.

ಬೈರೇಶ್


ದೇವನಹಳ್ಳಿ
30 ಜನವರಿ 2025

ಬೈರೇಶಣ್ಣ,

ನೀವು ಹೇಳಿದ ಹಾಗೆ ಮಾಡಿದೆ. ಚೌಕ ಕಣ್ಣಿನ ಮೇಲೆ ಬಂದು ಕೂತಿತು! ಇವರ ಎದುರಿಗೇ ಕೂತು, ಇವರ ಮುಖಕ್ಕೇ ಹಿಡಿದೆ. ಬಲಗಡೆ ತುಟಿ ಇಳಿದಿದೆ, ಆ ಕಡೆಯ ಕಣ್ಣೂ ಸ್ವಲ್ಪ ಜೋತಿದೆ. ಕ್ಯಾಮೆರಾ ಮಾತ್ರ ಎರಡೂ ಕಣ್ಣನ್ನ ಹುಡುಕಿಕೊಂಡಿತು.

ನಾನು ನಲ್ಲೂರಿನ ಹುಣಸೆ ತೋಪಿಗೂ ಹೋಗಿ ಬಂದೆ. ಅಲ್ಲಿ ಮದುವೆ ಹುಡುಗ ಹುಡುಗಿಯನ್ನ ಮರದ ಕೆಳಗೆ ನಿಲ್ಲಿಸಿ ತೆಗೆದೆ. ಚೆನ್ನಾಗಿಯೇ ಬಂದಿವೆ. ಆದರೆ ಉದ್ದನೆಯ ಲೆನ್ಸಿನಲ್ಲಿ ಒಂದೊಂದು ಸಲ ಎಲ್ಲ ನಿಂತುಹೋಗುತ್ತೆ. ಲೆನ್ಸಿನ ಗುರುತೇ ಇಲ್ಲ ಅನ್ನೋ ಹಾಗೆ ಪರದೆಯ ಮೇಲೆ ಬರೀ ಗೆರೆ ಬರುತ್ತೆ. ತೆಗೆದು ಹಾಕಿದರೆ ಸರಿಹೋಗುತ್ತೆ. ನಾನು ಅದನ್ನ ಹಾಕುವಾಗ ಇವರು ನೋಡುತ್ತಿದ್ದರು. ಎಡಗೈಯಿಂದ ಮಂಚಕ್ಕೆ ಬಡಿದರು. "ಆಯ್ತು, ಆಯ್ತು." ಏನು ತಪ್ಪು ಮಾಡಿದೆ ಹೇಳಿ ಅಂದೆ. ಮತ್ತೆ ಬಡಿದರು. ಅಡಾಪ್ಟರ್ ತೋರಿಸಿದೆ, ಲೆನ್ಸ್ ತೋರಿಸಿದೆ, ಬ್ಯಾಗ್ ತೋರಿಸಿದೆ. ಒಂದೊಂದಕ್ಕೂ ಬಡಿದರು. ಕಡೆಗೆ ಇಬ್ಬರೂ ಅತ್ತೆವು. ಇಪ್ಪತ್ತೈದು ವರ್ಷದ ವಿದ್ಯೆ ಅವರ ತಲೆಯೊಳಗಿದೆ, ನನಗೆ ಬೇಕಾದ್ದು ಅದರಲ್ಲಿ ಒಂದೇ ಒಂದು ಮಾತು, ಅದು ಹೊರಗೆ ಬರಲ್ಲ.

ಇನ್ನು ಹದಿನೇಳು ದಿನ ಇದೆ. ದಯವಿಟ್ಟು ಬೇಗ ಬರೀರಿ.

ಪ್ರಮೋದಾ


ಸೋಂಪುರ
11 ಫೆಬ್ರವರಿ 2025

ಪ್ರಮೋದಮ್ಮ,

ಎರಡು ಶಿಫ್ಟ್ ಒಟ್ಟಿಗೆ ಹಾಕಿದ್ರು, ಬರೆಯೋದು ತಡವಾಯ್ತು. ಇದು ನಿಮಗೆ ಸಿಗೋದರೊಳಗೆ ಮದುವೆ ಮುಗಿಯದಿರಲಿ.

ಅಡಾಪ್ಟರಿನೊಳಗೆ ಹಿತ್ತಾಳೆ ಚುಕ್ಕೆಗಳ ಸಾಲಿರುತ್ತೆ. ಕ್ಯಾಮೆರಾ ಲೆನ್ಸಿನ ಹತ್ತಿರ ಮಾತಾಡೋದೇ ಅದರ ಮೂಲಕ. ಬೆವರಿನ ಕೈ ಮುಟ್ಟಿದ್ರೆ ಮಂಕಾಗ್ತವೆ. ಒಣ ಹತ್ತಿ ಬಟ್ಟೇಲಿ ಒರೆಸಿ. ಅವನು ಬಡಿದದ್ದು ಅದಕ್ಕೇ ಇರಬೇಕು, ನೀವು ಅಲ್ಲಿ ಬೆರಳಿಟ್ಟಿರ್ತೀರ. ಉದ್ದನೆಯ ಲೆನ್ಸ್ ಭಾರ. ಕ್ಯಾಮೆರಾನ ಹಿಡಿದು ಎತ್ತಬೇಡಿ, ಲೆನ್ಸಿನ ಕೆಳಗೆ ಎಡಗೈ ಕೊಟ್ಟು ಎತ್ತಿ. ಇಲ್ಲದಿದ್ರೆ ಅಡಾಪ್ಟರ್ ಕೂದಲೆಳೆಯಷ್ಟು ಸಡಿಲಾಗಿ ಸಂಪರ್ಕ ತಪ್ಪುತ್ತೆ.

ಎಲ್ಲಕ್ಕಿಂತ ಮುಖ್ಯ: ಗಟ್ಟಿಮೇಳ ಶುರುವಾಗೋಕೆ ಮುಂಚೆನೇ ತಾಳಿ ಹಿಡಿದ ಕೈ ಮೇಲೆ ಫೋಕಸ್ ಮಾಡಿ, ಲೆನ್ಸಿನ ಸ್ವಿಚ್ಚು 'ಎಂ' ಕಡೆ ತಳ್ಳಿಬಿಡಿ, ಫೋಕಸ್ ಅಲ್ಲೇ ನಿಂತ್ಕೊಳ್ಳುತ್ತೆ. ಆಮೇಲೆ ನೀವೂ ಅಲ್ಲಾಡಬೇಡಿ. ಇಲ್ಲದಿದ್ರೆ ಅಕ್ಷತೆ ಬೀಳೋ ಹೊತ್ತಿಗೆ ಫೋಕಸ್ ಅಕ್ಕಿಕಾಳಿನ ಹಿಂದೆ ಓಡುತ್ತೆ. ಎಷ್ಟೇ ಒಳ್ಳೇ ಕ್ಯಾಮೆರಾ ಆಗ್ಲಿ, ಓಡುತ್ತೆ.

ಧೈರ್ಯವಾಗಿರಿ.

ಬೈರೇಶ್


ದೇವನಹಳ್ಳಿ
20 ಫೆಬ್ರವರಿ 2025

ಬೈರೇಶಣ್ಣ,

ನಿಮ್ಮ ಕಾಗದ ಮೊನ್ನೆ ಹದಿನೆಂಟಕ್ಕೆ ಬಂತು.

ಅಕ್ಕಿಕಾಳಿನ ಹಿಂದೆಯೇ ಓಡಿತು. ಗಟ್ಟಿಮೇಳ ಅಂದ ಕೂಡಲೇ ಸುತ್ತಲಿಂದ ಅಕ್ಷತೆ ಸುರಿಯಿತು, ಲೆನ್ಸು ಹಿಂದೆ ಮುಂದೆ, ಹಿಂದೆ ಮುಂದೆ. ನಾನು ಗುಂಡಿ ಒತ್ತುತ್ತಲೇ ಇದ್ದೆ. ಇಪ್ಪತ್ತಮೂರು ಫೋಟೋ ಬಂದಿವೆ. ಗಾಳಿಯಲ್ಲಿ ನಿಂತ ಅಕ್ಕಿ ಒಂದೊಂದು ಕಾಳೂ ಎಣಿಸೋ ಹಾಗಿದೆ. ಅದರ ಹಿಂದೆ ಹುಡುಗ ಹುಡುಗಿ ಇಬ್ಬರೂ ಹಳದಿ ಮಬ್ಬು.

ಉಳಿದದ್ದೆಲ್ಲ ಪರವಾಗಿಲ್ಲ. ತಾಳಿ ಇಲ್ಲ. ಹುಡುಗಿಯ ತಾಯಿ ಕಂಪ್ಯೂಟರಿನ ಮುಂದೆ ಕೂತು ಇಪ್ಪತ್ತಮೂರನ್ನೂ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. "ನಮ್ಮಣ್ಣನ ಮಗ ಮೊಬೈಲಲ್ಲಿ ತೆಗೆದವ್ನೆ, ಅದನ್ನೇ ಆಲ್ಬಮ್ಮಿಗೆ ಹಾಕಮ್ಮ" ಅಂದು ಎದ್ದುಹೋದರು.

ಇವರಿಗೆ ಹೇಳಿದೆ, ತಾಳಿ ಸಿಗಲಿಲ್ಲ ಅಂತ. "ಆಯ್ತು" ಅಂದರು. ಈ ಮೂರು ತಿಂಗಳಲ್ಲಿ ಆ ಪದ ಸರಿಯಾದ ಜಾಗದಲ್ಲಿ ಬಿದ್ದದ್ದು ಅದೇ ಮೊದಲು.

ನಿಮ್ಮದೇನೂ ತಪ್ಪಿಲ್ಲ. ಅಂಚೆಯದೂ ಇಲ್ಲ.

ಪ್ರಮೋದಾ


ದೇವನಹಳ್ಳಿ
16 ಮಾರ್ಚ್ 2025

ಬೈರೇಶಣ್ಣ,

ಇದನ್ನ ಬರೆಯೋದೋ ಬೇಡವೋ ಅಂತ ಹತ್ತು ದಿನದಿಂದ ಒದ್ದಾಡ್ತಿದ್ದೀನಿ. ಬರೆಯದೆ ಇದ್ದರೆ ವಿಜಯಪುರದಲ್ಲಿ ಸುಮ್ಮನೆ ನಿಂತ ಹಾಗೆಯೇ ಇನ್ನೊಂದು ಸಲ ನಿಂತ ಹಾಗಾಗುತ್ತೆ.

ಕಂಪ್ಯೂಟರಿನಲ್ಲಿ ಜಾಗ ಸಾಲದೆ ಹಳೇದನ್ನೆಲ್ಲ ಅಳಿಸೋಕೆ ಕೂತಿದ್ದೆ. ನಿಮ್ಮ ಹೆಸರಿನ ಫೋಲ್ಡರ್ ಸಿಕ್ಕಿತು. ಬರೀ "ಬೈರ" ಅಂತ. ಒಳಗೆ ಇನ್ನೂರ ಹನ್ನೆರಡು ಫೋಟೋ. ಒಂದರಲ್ಲೂ ಮನುಷ್ಯರಿಲ್ಲ. ಸ್ಟುಡಿಯೋ ಮೇಜಿನ ಮೇಲೆ ಉದ್ದಕ್ಕೆ ಅಳತೆ ಟೇಪು ಹಾಸಿ, ನಡುವೆ ಒಂದು ಬೆಂಕಿಪೊಟ್ಟಣ ನಿಲ್ಲಿಸಿ, ಅದನ್ನೇ ಮತ್ತೆ ಮತ್ತೆ ತೆಗೆದಿದ್ದಾರೆ. ಅರ್ಧ ಹಳೇ ಕ್ಯಾಮೆರಾದಲ್ಲಿ, ಅರ್ಧ ಹೊಸದರಲ್ಲಿ ಅಡಾಪ್ಟರ್ ಹಾಕಿ. ಲೆನ್ಸು ಅದೇ, ಉದ್ದನೆಯದು. ವಿಜಯಪುರದ ಮದುವೆಗೆ ಹೊಸದಾಗಿ ತಂದಿದ್ದರಲ್ಲ, ನಿಮ್ಮ ಕೈಗೆ ಕೊಟ್ಟಿದ್ದರಲ್ಲ, ಅದು.

ಹಳೇ ಕ್ಯಾಮೆರಾದ ಒಂದೊಂದು ಫೋಟೋದಲ್ಲೂ ಬೆಂಕಿಪೊಟ್ಟಣ ಮಸುಕು. ಅದರ ನಾಲ್ಕು ಬೆರಳು ಹಿಂದಿನ ಅಂಕಿ ಮಾತ್ರ ಚೊಕ್ಕ. ಹೊಸದರಲ್ಲಿ ಪೊಟ್ಟಣದ ಮೇಲಿನ ಅಕ್ಷರ ಓದಬಹುದು. ನನಗೆ ಅರ್ಥವಾದದ್ದು ಇಷ್ಟು: ಆ ಕ್ಯಾಮೆರಾಗೂ ಆ ಲೆನ್ಸಿಗೂ ಹೊಂದಿಕೆ ಇರಲಿಲ್ಲ. ಯಾರು ಹಿಡಿದಿದ್ದರೂ ವಿಜಯಪುರದಲ್ಲಿ ಹಾಗೇ ಬರುತ್ತಿತ್ತು. ನೀವು ಕುಡಿದಿರಲಿಲ್ಲ. ಕೈಯೂ ನಡುಗಿರಲಿಲ್ಲ.

ಇದು ಇವರಿಗೆ ಗೊತ್ತಾಗಿತ್ತು ಅಣ್ಣ. ಫೋಟೋಗಳ ಮೇಲೆ ತಾರೀಖಿದೆ. ಹೋದ ವರ್ಷ ಯುಗಾದಿ ಮಾರನೇ ದಿನ. ಲಕ್ವ ಹೊಡೆದದ್ದು ದೀಪಾವಳಿಗೆ. ಮಧ್ಯೆ ಏಳು ತಿಂಗಳು ಇವರ ಬಾಯಿ ಚೆನ್ನಾಗಿಯೇ ಇತ್ತು.

ಶ್ರಾವಣದಲ್ಲಿ ಒಂದು ದಿನ ಇಸ್ತ್ರಿ ಷರಟು ಹಾಕಿಕೊಂಡು ನಿಮ್ಮ ಸೋಂಪುರದ ಪಕ್ಕದ ದಾಬಸ್‌ಪೇಟೆ ಕಡೆ ಒಂದು ಆರ್ಡರ್ ಇದೆ ಅಂತ ಹೋಗಿದ್ದರು. ಸಂಜೆ ಬಂದರು. ಕ್ಯಾಮೆರಾದಲ್ಲಿ ಒಂದು ಫೋಟೋನೂ ಇರಲಿಲ್ಲ. ಕೇಳಿದ್ದಕ್ಕೆ ಆರ್ಡರ್ ಕ್ಯಾನ್ಸಲ್ ಅಂದರು. ಎಲ್ಲಿಯವರೆಗೆ ಬಂದಿದ್ದರೋ ನನಗೆ ಗೊತ್ತಿಲ್ಲ.

ಪ್ರಮೋದಾ


ದೇವನಹಳ್ಳಿ
2 ಮೇ 2025

ಬೈರೇಶಣ್ಣ,

ಒಂದೂವರೆ ತಿಂಗಳಾಯಿತು. ಅಪ್ಪಯ್ಯಣ್ಣನ ಅಂಗಡಿಗೆ ದಿನಾ ಹೋಗಿ ಕೇಳ್ತೀನಿ. ತಲುಪಿತು ಅಂತ ಒಂದು ಸಾಲು ಬರೆದರೆ ಸಾಕು. ಬೈದು ಬರೆದರೂ ಸಾಕು.

ಪ್ರಮೋದಾ


ಸೋಂಪುರ
18 ಮೇ 2025

ಪ್ರಮೋದಮ್ಮ,

ತಲುಪಿತ್ತು.

ಅವತ್ತು ವಿಜಯಪುರದಿಂದ ಮನೆಗೆ ಹೋದೆ. ಸುದ್ದಿ ನನಗಿಂತ ಮುಂಚೆ ಹೋಗಿತ್ತು. ನನ್ನ ಹೆಂಡ್ತಿ ಗಂಗಲಕ್ಷ್ಮಮ್ಮ ಬಾಗಿಲಲ್ಲೇ ನಿಲ್ಲಿಸಿ ನನ್ನ ಬಾಯಿ ಮೂಸಿದಳು. ನಾನು ಕುಡಿಯೋದು ಬಿಟ್ಟು ಆಗ ನಾಲ್ಕು ವರ್ಷ ಆಗಿತ್ತು. ವಾಸನೆ ಇರಲಿಲ್ಲ. ಆದರೂ ಅವಳಿಗೆ ನಂಬಿಕೆ ಬರಲಿಲ್ಲ, ಯಾಕಂದ್ರೆ ಹೇಳಿದವನು ಕೆಂಪ. ಕೆಂಪ ಸುಳ್ಳು ಹೇಳ್ತಾನಾ? ಇವತ್ತಿಗೂ ನಾನು ಶಿಫ್ಟ್ ಮುಗಿಸಿ ಬಂದರೆ ನೀರು ಕೊಡೋ ನೆಪದಲ್ಲಿ ಹತ್ತಿರ ಬಂದು ಉಸಿರು ಎಳ್ಕೊಳ್ತಾಳೆ. ನನಗೆ ಗೊತ್ತಾಗಲ್ಲ ಅಂದ್ಕೊಂಡವಳೆ.

ಬೇರೆ ಸ್ಟುಡಿಯೋದವರು ಒಬ್ಬರೂ ಕರೀಲಿಲ್ಲ. ಕೊನೆಗೆ ನನಗೇ ಅನುಮಾನ ಬಂದುಬಿಡ್ತು ಕಣಮ್ಮ. ಕೈ ನಡುಗಿತ್ತೇನೋ, ಕಣ್ಣು ಮಂಜಾಗಿತ್ತೇನೋ ಅಂತ. ಮೂರು ವರ್ಷ ಆಯ್ತು, ಕ್ಯಾಮೆರಾ ಮುಟ್ಟಿಲ್ಲ.

ಮೂರು ದಿನ ಬಚ್ಚಿಟ್ಟಿದ್ರೆ ಮರೀತಿದ್ದೆ. ಏಳು ತಿಂಗಳು! ಟೇಪ್ ಹಾಸಿ ಇನ್ನೂರು ಫೋಟೋ ತೆಗೆಯೋಕೆ ಪುರುಸೊತ್ತಿತ್ತು, ಬಸ್ಸು ಹತ್ತಿ ಬಂದು ಒಂದು ಮಾತು ಹೇಳೋಕೆ ಇರಲಿಲ್ಲ. ಇಸ್ತ್ರಿ ಷರಟಿನ ಕಥೆ ನನ್ನ ಸಮಾಧಾನಕ್ಕೆ ಬರೆದಿದ್ರೆ, ಬೇಡ.

ಬರೋ ತಿಂಗಳು ಎಂಟಕ್ಕೆ, ಭಾನುವಾರ, ಬರ್ತೀನಿ. ಯಾಕೆ ಅಂತ ಕೇಳಬೇಡಿ. ಅವನಿಗೆ ಮುಂಚೆ ಹೇಳಬೇಡಿ.

ಬೈರೇಶ್


ಸೋಂಪುರ
15 ಜೂನ್ 2025

ಪ್ರಮೋದಮ್ಮ,

ನೀವು ಕಾಫಿ ಮಾಡೋಕೆ ಎದ್ದುಹೋದಾಗ ಒಳಗೆ ಏನಾಯ್ತು, ನಾನು ಲೋಟ ಮುಟ್ಟದೆ ಯಾಕೆ ಹೊರಟೆ ಅಂತ ಬಸ್‌ಸ್ಟ್ಯಾಂಡಲ್ಲಿ ಕೇಳಿದ್ರಿ. ಆಗ ಬಸ್ಸು ಹತ್ತಿಬಿಟ್ಟೆ.

ಬಸ್ಸಲ್ಲಿ ಬರ್ತಾ ಪೂರ್ತಿ ಜೋಡಿಸ್ಕೊಂಡಿದ್ದೆ. ಏನೇನು ಕೇಳಬೇಕು, ಎಲ್ಲಿ ದನಿ ಎತ್ತಬೇಕು, ಎಲ್ಲ. ಮಂಚದ ಮೇಲೆ ಅವನನ್ನ ನೋಡಿದ್ನಲ್ಲ, ಅರ್ಧ ಮರೆತುಹೋಯ್ತು. ಆದರೂ ಕೇಳಿದೆ.

"ನಿಂಗೆ ಗೊತ್ತಿತ್ತೇನ್ಲಾ?"

"ಆಯ್ತು."

"ಯಾಕ್ಲಾ ಬರ್ಲಿಲ್ಲ ಮತ್ತೆ?"

"ಆಯ್ತು. ಆಯ್ತು."

"ನಾನು ಈಗ ಬಂದಿದ್ದು ಬೇಜಾರಾ ನಿಂಗೆ?"

"ಆಯ್ತು."

ಮೂರಕ್ಕೂ ಒಂದೇ. ಆದರೆ ಮೂರು ಸಲಾನೂ ಮುಖ ಬೇರೆ ಬೇರೆ ಥರ ಇತ್ತು ಕಣಮ್ಮ. ನನಗೆ ಓದೋಕಾಗಲಿಲ್ಲ. ಬಲಗಡೆ ಕೆನ್ನೆ ಅಲ್ಲಾಡ್ತಿರಲಿಲ್ಲ, ಎಡಗಡೆ ಮಾತ್ರ ಏನೋ ಹೇಳ್ತಿತ್ತು. ಆಮೇಲೆ ಎಡಗೈಲಿ ನನ್ನ ಷರಟು ಹಿಡ್ಕೊಂಡ. ಹಿಡಿದವನು ಬಿಡಲೇ ಇಲ್ಲ. ಹೊಡೆಯೋಕೆ ಎಳೀತಿದ್ದಾನೋ, ಅಪ್ಪಿಕೊಳ್ಳೋಕೆ ಎಳೀತಿದ್ದಾನೋ. ನಾನೇ ಒಂದೊಂದೇ ಬೆರಳು ಬಿಡಿಸಿದೆ. ಬಿಡಿಸ್ಕೊಂಡು ಎದ್ದುಬಂದೆ.

ಬೈಯೋಕೆ ಹೋದವನಿಗೆ ತಿರುಗಿ ಬೈಯೋನು ಬೇಕು. ಕ್ಷಮಿಸೋಕೆ ಹೋದರೂ, ತಪ್ಪಾಯ್ತು ಅನ್ನೋನು ಬೇಕು. ಅಲ್ಲಿ ಎರಡೂ ಇರಲಿಲ್ಲ. ನನಗೆ ಅವನ ಮೇಲೆ ಸಿಟ್ಟು ಇಳಿದಿಲ್ಲ, ಅದನ್ನ ಎಲ್ಲಿಡಬೇಕು ಅಂತಾನೂ ಗೊತ್ತಾಗ್ತಿಲ್ಲ.

ಕಾಫಿ ಮುಟ್ಟದೆ ಬಂದಿದ್ದಕ್ಕೆ ಮನಸ್ಸಿಗೆ ತಗೋಬೇಡಿ.

ಬೈರೇಶ್


ದೇವನಹಳ್ಳಿ
4 ಆಗಸ್ಟ್ 2025

ಬೈರೇಶಣ್ಣ,

ಮಾತು ಕಲಿಸೋಕೆ ಬರುವ ಮೇಡಂ ಇವರಿಗೆ ಒಂದು ನೋಟ್‌ಬುಕ್ ಕೊಟ್ಟಿದ್ದಾರೆ, ಎಡಗೈಯಲ್ಲಿ ಬರೆದು ರೂಢಿಯಾಗಲಿ ಅಂತ. ಮಾತಿನ ಜೊತೆಗೇ ಅಕ್ಷರವೂ ಹೋಗಿದೆ ಅಂತ ಅವರೇ ಹೇಳಿದ್ದಾರೆ. ದಿನಾ ಸೊನ್ನೆ ಸುತ್ತುತ್ತಾರೆ, ಗೆರೆ ಎಳೀತಾರೆ, ಅಷ್ಟೇ.

ಹೋದ ಬುಧವಾರ ಒಂದು ಹಾಳೆ ಹರಿದುಕೊಂಡು ಏನೋ ಬರೆಯೋಕೆ ಕೂತರು. ಒಂದು ಗಂಟೆಗೂ ಹೆಚ್ಚು. ನಾನು ಹತ್ತಿರ ಹೋದರೆ ಕೈ ಅಡ್ಡ ಇಟ್ಟರು. ಬೆವರುತ್ತಿದ್ದರು. ಮುಗಿದ ಮೇಲೆ ಹಲ್ಲಿನಲ್ಲಿ ಕಚ್ಚಿ ಹಿಡಿದು ತಾವೇ ಮಡಿಸಿ ನನ್ನ ಕೈಗೆ ಕೊಟ್ಟರು.

"ಯಾರಿಗೆ? ಮೇಡಂಗಾ?" ಅಂದೆ. ಮಂಚಕ್ಕೆ ಬಡಿದರು. "ಅಪ್ಪಯ್ಯಣ್ಣನಿಗಾ?" ಮತ್ತೆ ಬಡಿದರು. "ಬೈರೇಶಣ್ಣನಿಗಾ?" ಅಂದೆ. ಬಡಿಯಲಿಲ್ಲ. ಕಣ್ಣು ಮುಚ್ಚಿಕೊಂಡರು.

ಇದರ ಜೊತೆ ಇಟ್ಟಿದ್ದೀನಿ. ಸುಳ್ಳು ಯಾಕೆ ಹೇಳಲಿ, ಬಿಚ್ಚಿ ನೋಡಿದೆ. ನನಗೆ ಒಂದು ಪದವೂ ಸಿಗಲಿಲ್ಲ. ಇವರ ಕೈಬರಹ ನಿಮಗೆ ನನಗಿಂತ ಹಳೇದು, ನಿಮಗಾದರೂ ಸಿಗಬಹುದು. ನಿಮಗೆ ಪೋಸ್ಟ್ ಮಾಡ್ತೀನಿ ಅಂದಾಗಿನಿಂದ ಇವರು ಮಂಚ ಬಾಗಿಲ ಕಡೆ ತಿರುಗಿಸಿ ಅಂತ ಹಟ ಮಾಡಿ ತಿರುಗಿಸಿಕೊಂಡಿದ್ದಾರೆ. ಯಾರು ಮೆಟ್ಟಿಲು ಹತ್ತಿದರೂ ಕತ್ತೆತ್ತಿ ನೋಡ್ತಾರೆ.

ಪ್ರಮೋದಾ


ಸೋಂಪುರ
17 ಆಗಸ್ಟ್ 2025

ಪ್ರಮೋದಮ್ಮ,

ಹಾಳೆ ಬಂತು.

ಹದಿಮೂರು ಸಾಲಿದೆ. ಮೊದಲ ಸಾಲು ನೆಟ್ಟಗಿದೆ, ಆಮೇಲಿಂದ ಇಳೀತಾ ಇಳೀತಾ ಬಂದು ಕೊನೇ ಎರಡು ಒಂದರ ಮೇಲೊಂದು ಬಿದ್ದಿವೆ. ಫ್ಯಾಕ್ಟರಿಯಿಂದ ಮುಚ್ಚಳ ನೋಡೋ ಭೂತಗನ್ನಡಿ ತಂದು ನೋಡಿದೆ. ಬೆಳಕಿಗೆ ಹಿಡಿದು ಹಿಂದುಗಡೆಯಿಂದ ನೋಡಿದೆ. ಫೋನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿದೆ. ಮೂರನೇ ಸಾಲಲ್ಲಿ ಒಂದು ಸುರುಳಿ ಇದೆ, ನನ್ನ ಹೆಸರಿನ ಮೊದಲ ಅಕ್ಷರ ಇರಬಹುದು ಅನ್ನಿಸ್ತು. ಆಮೇಲೆ ನೋಡಿದರೆ ಅದೇ ಸುರುಳಿ ಎಲ್ಲಾ ಸಾಲಲ್ಲೂ ಇದೆ. ಗಂಗಲಕ್ಷ್ಮಮ್ಮನಿಗೆ ತೋರಿಸಿದೆ. ತುಂಬಾ ಹೊತ್ತು ನೋಡಿ, ಮಡಿಸಿ ವಾಪಸ್ ಕೊಟ್ಟಳು.

ತಪ್ಪಾಯ್ತು ಅಂತ ಇದೆಯೋ, ನೀನ್ಯಾಕೆ ಎದ್ದುಹೋದೆ ಅಂತ ಇದೆಯೋ, ಲೆನ್ಸ್ ಹೆಂಗೆ ಒರೆಸಬೇಕು ಅಂತ ನಿಮಗೆ ಹೇಳೋಕೆ ಬರೆದಿದ್ದಾನೋ, ನನಗೆ ತಿಳೀತಿಲ್ಲ. ಇನ್ನು ತಿಳಿಯೋದೂ ಇಲ್ಲ. ಅವನಿಗಾದ್ರೂ ತಾನು ಬರೆದದ್ದು ಅಕ್ಷರ ಅಲ್ಲ ಅಂತ ಗೊತ್ತಿದೆಯೋ ಇಲ್ವೋ.

ಬಾಗಿಲ ಕಡೆ ನೋಡ್ತಿರ್ತಾನೆ ಅಂದ್ರಿ. ಓದೋಕಾಗಲಿಲ್ಲವಂತೆ ಅಂತ ಮಾತ್ರ ಅವನಿಗೆ ಹೇಳಬೇಡಿ ತಾಯಿ. ಬೈರ ಓದಿದ ಅನ್ನಿ. ಎರಡು ಸಲ ಓದಿದ, ಪೂರ್ತಿ ಓದಿದ ಅನ್ನಿ.

ಬೈರೇಶ್